ಎರಿ ಮಣ್ಣು, ಬೋರಿನ ನೀರು, ಇಕ್ಸೋರಾ

8 ಜೂನ್ 2025, ರವಿವಾರ
ವಿಜಯಪುರ

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿತು. ಓಣಿಗೆಲ್ಲ ಗಿಡ ಹಚ್ಚುವ ಹುಕಿ. ಸಂಜೆ ಎದುರುಮನಿ ವೈನಿ ಕಂಪೌಂಡಿನ ಆಚೆಯಿಂದಲೇ ಗೊಂಚಲು ಹೂವಿನ ಇಕ್ಸೋರಾ ಗಿಡದ ಬಗ್ಗೆ ಕೇಳಿದರು.

"ಒಂದ್ ಟ್ರ್ಯಾಕ್ಟರ್ ಕೆಂಪ್ ಮಣ್ಣ ಹಾಕ್ಸಿದ್ರ ಇಕ್ಸೋರಾ ಬರ್ತಾವಲ್ರೀ?"

"ಬರ್ತಾವ್ರೀ ವೈನಿ. ಆದ್ರ ನೀರು ಯಾವ್ದು ಹಾಕ್ತೀರಿ?"

"ಬೋರಿಂದ. ಮತ್ಯಾವ್ದ್ ಐತಿ?"

ಅಲ್ಲಿಗೆ ಮಾತು ನಿಂತಿತು, ಒಲೆ ಮೇಲೆ ಹಾಲಿಟ್ಟಿದ್ದರಂತೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಎರಿ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಸುಣ್ಣ ಬಹಳ. ನಂಬಿಕೆ ಬರದಿದ್ದರೆ ಒಣ ಹೆಂಟೆಯ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ, ಬುರುಬುರು ನೊರೆ ಏಳುತ್ತದೆ. ಇಂಥ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ರ ಕೆಳಗೆ ಹುಳಿ) ಸಾಮಾನ್ಯವಾಗಿ 8ರ ಮೇಲೆಯೇ ಇರುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಆದರೆ ಬೇರಿಗೆ ಸಿಗದ ರೂಪದಲ್ಲಿ. ಇಕ್ಸೋರಾ, ಗಾರ್ಡೇನಿಯಾದಂಥ ಗಿಡಗಳಿಗೆ ಹುಳಿ ಮಣ್ಣು ಬೇಕು. ಇಲ್ಲಿ ಅವುಗಳ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕೆಂಪು ಮಣ್ಣು ಹಾಕಿಸಿದರೆ ಮೊದಲಿಗೆ ಚಂದ ಬರುತ್ತವೆ. ಆದರೆ ಬೋರಿನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಮಣ್ಣಿನ ಪಿಎಚ್ಚನ್ನೂ ನಿಧಾನಕ್ಕೆ ಏರಿಸುತ್ತದೆ. ದುಡ್ಡು ಕೊಟ್ಟು ತರಿಸಿದ ಮಣ್ಣು ಕಡೆಗೆ ನಮ್ಮ ಮಣ್ಣಿನ ಹಾದಿಯನ್ನೇ ಹಿಡಿಯುತ್ತದೆ.

ಮತ್ತೊಂದು ತೊಂದರೆ. ಎರಿ ನೆಲದಲ್ಲಿ ಗುಂಡಿ ತೋಡಿ ಬರೀ ಕೆಂಪು ಮಣ್ಣು ತುಂಬಿದರೆ, ಮಳೆ ಬಿದ್ದಾಗ ಸುತ್ತಲಿನ ಎರಿ ಉಬ್ಬಿ ನೀರಿಗೆ ದಾರಿ ಮುಚ್ಚುತ್ತದೆ. ಗುಂಡಿ ಬೋಗುಣಿಯಾಗುತ್ತದೆ, ಬೇರು ಕೊಳೆಯುತ್ತದೆ. ಮೇಲೆ ಎಲೆ ಬಾಡಿದ್ದು ಕಂಡು ಜನ ಇನ್ನೊಂದು ಕೊಡ ನೀರು ಸುರಿಯುತ್ತಾರೆ!

ಇಕ್ಸೋರಾ ಬೇಕೇಬೇಕು ಅಂದರೆ ಕುಂಡದಲ್ಲಿ ಇಡಿ, ಮಳೆ ನೀರು ಅಥವಾ ಏಸಿಯಿಂದ ತೊಟ್ಟಿಕ್ಕುವ ನೀರು ಹಾಕಿ. ಅದರಲ್ಲಿ ಸವಳು (ಉಪ್ಪಿನಂಶ) ಇರುವುದಿಲ್ಲ. ಆರ್‌ಓ ಯಂತ್ರದ ಹೊರನೀರು ಮಾತ್ರ ಬೇಡ. ಮಷೀನು ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ಅದನ್ನೇ ತುಳಸಿಗೆ ಹಾಕುವವರಿದ್ದಾರೆ. ಚಿಗುರು ಹಳದಿಯಾದಾಗ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಬೇಕು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಫೆರಸ್ ಸಲ್ಫೇಟನ್ನು ನಮ್ಮ ನೆಲಕ್ಕೆ ಹಾಕುವುದು ದಂಡ, ಸುಣ್ಣ ಅದನ್ನು ಹಿಡಿದಿಟ್ಟುಬಿಡುತ್ತದೆ. ನೆಲಕ್ಕೇ ಕೊಡುವುದಾದರೆ, ಕಬ್ಬಿಣವನ್ನು ಬೇರಿಗೆ ಸಿಗುವಂತೆ ಕಾಯುವ ಇಡಿಡಿಎಚ್‌ಎ ಕೀಲೇಟ್ ಅಂತ ಹೆಸರು ಹೇಳಿ ಕೇಳಬೇಕು. ಅಗ್ಗದ ಇಡಿಟಿಎ ಕೀಲೇಟ್ ಇಷ್ಟು ಪಿಎಚ್‌ನಲ್ಲಿ ನಿಲ್ಲುವುದಿಲ್ಲ.

ಹಳೆ ಎಲೆಯ ತುದಿ, ಅಂಚು ಸುಟ್ಟಂತಾದರೆ ಕಬ್ಬಿಣದ ಮಾತಲ್ಲ, ಉಪ್ಪಿನದು. ಬೋರಿನ ನೀರಿನ ಟಿಡಿಎಸ್ (ಲೀಟರಿನಲ್ಲಿ ಕರಗಿದ ಉಪ್ಪು, ಮಿಲಿಗ್ರಾಂ ಲೆಕ್ಕ) 450ರ ಒಳಗಿದ್ದರೆ ಚಿಂತೆಯಿಲ್ಲ. 2000 ದಾಟಿದರೆ ಗಟ್ಟಿ ಗಿಡಗಳನ್ನು ಬಿಟ್ಟು ಬೇರೆ ಆಸೆ ಬೇಡ. ದಿನಾ ಚೂರುಚೂರು ನೀರು ಹಾಕಿದರೆ ಉಪ್ಪು ಬೇರಿನ ಹತ್ತಿರವೇ ಕೂಡುತ್ತದೆ. ನಡುವೆ ಬಿಡುವು ಕೊಟ್ಟು, ಒಮ್ಮೆಗೆ ಆಳಕ್ಕೆ ಇಳಿಯುವಷ್ಟು ಹಾಕಬೇಕು. ಎಲೆ ಮೇಲೆ ಅಂತೂ ಬೇಡ.

ಹಾಗಾದರೆ ಏನು ಹಚ್ಚಬೇಕು? ಕಾಗದದ ಹೂವಿಗಿಂತ ಈ ಊರಿಗೆ ಒಗ್ಗುವುದು ಇಲ್ಲ. ನೀರು ಹೆಚ್ಚಾದರೆ ಬರೀ ಎಲೆ ಬಿಡುತ್ತದೆ, ಅಷ್ಟೇ ಅದರ ತಕರಾರು. ಕಣಗಿಲೆ ಸವಳನ್ನೂ ಬಿಸಿಲನ್ನೂ ತಡೆಯುತ್ತದೆ, ಆದರೆ ಗಿಡವೆಲ್ಲ ವಿಷ. ದನ ಬಾಯಿ ಹಾಕುವ ಕಡೆ, ಮಕ್ಕಳಾಡುವ ಕಡೆ ಬೇಡ. ರತ್ನಗಂಧಿ, ಸದಾಪುಷ್ಪ ತಾವೇ ಬೀಜ ಉದುರಿಸಿಕೊಂಡು ಬೆಳೆಯುತ್ತವೆ. ದಾಸವಾಳದಲ್ಲಿ ಹೈಬ್ರಿಡ್ ಬಿಟ್ಟು ಒಂಟಿ ಎಸಳಿನ ಕೆಂಪು ನಾಟಿಯದನ್ನೇ ಆರಿಸಿ. ಹಣ್ಣಿಗೆ ಬಾರಿ (ಬೋರೆ), ದಾಳಿಂಬೆ. ದಾಳಿಂಬೆಗೆ ನೀರು ಒಮ್ಮೆ ಒಣಗಿಸಿ ಒಮ್ಮೆ ಸುರಿದರೆ ಕಾಯಿ ಬಿರಿಯುತ್ತದೆ. ಬೇಲಿಗೆ ಕವಳಿ. ನಿಂಬೆ ಬರುತ್ತದೆ, ನಿಂಬೆಗೆ ಹೆಸರಾದ ಇಂಡಿ ಇಲ್ಲೇ ಇದೆಯಲ್ಲ. ಆದರೆ ಬುಡಕ್ಕೆ ನೀರು ತಾಗಿದರೆ ಅಂಟು ಸೋರುವ ರೋಗ. ಕಾಂಡದ ಸುತ್ತ ಒಂದು ಅಡಿ ಅಗಲಕ್ಕೆ ಮಣ್ಣು ಏರಿಸಿ, ಅದರ ಹೊರಗೆ ಪಾತಿ ಮಾಡಿ, ನೀರು ಅಲ್ಲಿಗೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸವಳು, ಬರ ತಡೆಯುವ ಡಾಗ್‌ರಿಡ್ಜ್ ಬೇರುಗಿಡ ಹಚ್ಚಿ, ಅದರ ಮೇಲೆ ಬೇಕಾದ ತಳಿ ಕಸಿ ಮಾಡುತ್ತಾರೆ. ಗುಲಾಬಿ ಕೊಳ್ಳುವಾಗ ಮೇಲಿನ ಹೂವು ನೋಡುವ ನಾವು, ಕಸಿ ಯಾವ ಬೇರಿನ ಮೇಲಿದೆ ಅಂತ ನರ್ಸರಿಯವನನ್ನು ಕೇಳುವುದೇ ಇಲ್ಲ.

ಗುಂಡಿ ಎರಡು ಅಡಿ ಉದ್ದ, ಅಗಲ, ಆಳ ಸಾಕು. ತೆಗೆದ ಮಣ್ಣು ಅರ್ಧ, ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಕಾಲು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಾಲು ಪಾಲು. ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರಿಸಿ ಹಚ್ಚಿ. ಮೇಲೆ ನಾಲ್ಕು ಬೆರಳು ದಪ್ಪ ಕಬ್ಬಿನ ರವದಿ (ಒಣ ಎಲೆ) ಇಲ್ಲವೇ ಶೇಂಗಾ ಹೊಟ್ಟು ಹೊದಿಸಿದರೆ, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುವುದು ಕಡಿಮೆಯಾಗುತ್ತದೆ. ಹೊಸ ಮನೆಯಾದರೆ ಗೋಡೆಗುಂಟ ಮಾತ್ರ ಹಚ್ಚಬೇಡಿ. ಗಾರೆಯವರು ಹೂತು ಹೋದ ಸಿಮೆಂಟು, ಸುಣ್ಣ ಎಲ್ಲ ಅಲ್ಲೇ ಇರುತ್ತದೆ, ಅದನ್ನು ತೆಗೆಸುವುದಾದರೆ ಗುಂಡಿ ತೋಡುವ ಆಳಿಗೆ ಮೊದಲೇ ಹೇಳಿ, ಇಲ್ಲಾಂದ್ರ ಅದನ್ನೇ ವಾಪಸ್ ತುಂಬಿಬಿಡುತ್ತಾನೆ.