ಪ್ಯಾರಿಸ್‌ನಲ್ಲಿ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ

ಪ್ಯಾರಿಸ್‌ಗೆ ಹೋದವರು ಖರ್ಚಿಗೆ ಹೆದರಿ, ಇದ್ದಷ್ಟು ದಿನವೂ ಸ್ಯಾಂಡ್‌ವಿಚ್ ತಿಂದುಕೊಂಡು, ಆ ಊರಿನ ಅಡುಗೆಯ ನಿಜವಾದ ರುಚಿಯನ್ನೇ ನೋಡದೆ ಮರಳುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅಲ್ಲಿ ಒಳ್ಳೆಯ ಊಟದ ಬೆಲೆ ಹೊತ್ತಿನ ಮೇಲೂ ನಿಂತಿದೆ. ರಾತ್ರಿ ನೂರು ಯೂರೋಗಿಂತ ಹೆಚ್ಚು ಕೇಳುವ ರೆಸ್ಟೋರೆಂಟು ಕೆಲಸದ ದಿನಗಳ ಮಧ್ಯಾಹ್ನ ಅದರ ಅರ್ಧ ಬೆಲೆಗೆ ಮೂರು ಸುತ್ತಿನ ಊಟ ಬಡಿಸುವುದು ಅಪರೂಪವೇನಲ್ಲ. ಬಾಡಿಗೆ ಮತ್ತು ಸಂಬಳಗಳನ್ನು ಹೇಗಿದ್ದರೂ ಕೊಡಲೇಬೇಕಾದ್ದರಿಂದ, ಹಗಲಲ್ಲಿ ಮೇಜು ಖಾಲಿ ಬಿಡುವುದಕ್ಕಿಂತ ಸುತ್ತಲಿನ ಕಚೇರಿಗಳವರಿಗೆ ಕಡಿಮೆ ಬೆಲೆಗೆ ಬಡಿಸುವುದೇ ಮಾಲೀಕರಿಗೆ ಲಾಭ.

ರಾತ್ರಿಯ ದುಬಾರಿ ಪದಾರ್ಥಗಳು ಮಧ್ಯಾಹ್ನದ ತಟ್ಟೆಗೆ ಬರುವುದಿಲ್ಲ, ನಿಜ. ಆದರೆ ಅಡುಗೆಯವರ ಕೈಗುಣ ತಿಳಿಯುವುದು ಸಾಧಾರಣ ಪದಾರ್ಥದಲ್ಲೇ ಎಂದು ನಾನು ನಂಬಿದ್ದೇನೆ. ಅಂಥ ಒಂದು ಊಟದಲ್ಲಿ ನನ್ನ ಮುಂದೆ ಮೊದಲು ಬಂದದ್ದು ಬರೀ ಲೀಕ್, ಈರುಳ್ಳಿಯ ಜಾತಿಯ ಉದ್ದನೆಯ ಬಿಳಿ ದಂಟು. ಚಾಕು ತಾಗಿಸಿದರೆ ಸಾಕು ಬಿಟ್ಟುಕೊಳ್ಳುವಷ್ಟು ಮೆತ್ತಗೆ ಬೇಯಿಸಿ, ಸಾಸಿವೆ ಬೆರೆಸಿದ ಎಣ್ಣೆ ಮತ್ತು ವಿನೆಗರ್ ಸುರಿದು, ಮೇಲೆ ಬೆಂದ ಮೊಟ್ಟೆಯನ್ನು ಸಣ್ಣಗೆ ತುರಿದು ಉದುರಿಸಿದ್ದರು. ಸಿಹಿ ಬರುವ ಮುನ್ನ ವೇಟರ್ ಸಣ್ಣದೊಂದು ಲೋಹದ ಪಟ್ಟಿಯಿಂದ ಮೇಜಿನ ಬಟ್ಟೆಯ ಮೇಲಿದ್ದ ಬ್ರೆಡ್ ಚೂರುಗಳನ್ನೆಲ್ಲ ನಿಧಾನವಾಗಿ ಬಳಿದು ತೆಗೆದರು. ಕಡಿಮೆ ಬೆಲೆಯ ಊಟವೆಂದು ಉಪಚಾರದಲ್ಲಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಕೈಗೆಟುಕುವ ಬೆಲೆಗೆ ಉತ್ತಮ ಅಡುಗೆ ಎಂಬ ಈ ಪರಂಪರೆಗೆ ಬಲ ತುಂಬಿದವರಲ್ಲಿ ಬಾಣಸಿಗ ಈವ್ ಕಾಮ್‌ಡೆಬೋರ್ಡ್ ಮುಖ್ಯರು. ಕ್ರಿಯೋನ್ ಎಂಬ ಐಷಾರಾಮಿ ಹೋಟೆಲಿನ ಅಡುಗೆಮನೆಯಲ್ಲಿ ಪಳಗಿದ ಅವರು 1992ರಲ್ಲಿ ನಗರದ ಅಂಚಿನ 14ನೆಯ ವಿಭಾಗದಲ್ಲಿ ಲಾ ರೆಗಲಾಡ್ ಎಂಬ ಬಿಸ್ಟ್ರೋ, ಅಂದರೆ ಪುಟ್ಟ ಸರಳ ರೆಸ್ಟೋರೆಂಟು ತೆರೆದು, ದೊಡ್ಡ ಹೋಟೆಲಿನ ಪಾಕವನ್ನು ಆಡಂಬರವಿಲ್ಲದೆ ಒಂದೇ ನಿಗದಿತ ಬೆಲೆಗೆ ಬಡಿಸಿದರು. ಅದೇ ದಾರಿ ಹಿಡಿದ ಬಿಸ್ಟ್ರೋಗಳು ಇಂದು ಊರ ತುಂಬ ಇವೆ. ಉತ್ತಮ ರೆಸ್ಟೋರೆಂಟುಗಳಿಗೆ ತಾರೆಗಳನ್ನು ಕೊಡುವ ಮಿಶೆಲಿನ್ ಕೈಪಿಡಿಯನ್ನು ನೋಡುವವರು ತಾರೆಗಳನ್ನಷ್ಟೇ ಹುಡುಕದೆ, ಮಿತವಾದ ಬೆಲೆಯ ಒಳ್ಳೆಯ ಊಟಕ್ಕೆ 1997ರಿಂದ ಕೊಡುತ್ತಿರುವ ಬಿಬ್ ಗುರ್ಮಾನ್ ಗುರುತನ್ನೂ ಗಮನಿಸಬೇಕು. ಫೆರಾಂಡಿ ಎಂಬ ಹೆಸರಾಂತ ಪಾಕಶಾಲೆಯಲ್ಲಿ ವಿದ್ಯಾರ್ಥಿಗಳೇ ಅಡುಗೆ ಮಾಡಿ ಬಡಿಸುವ ರೆಸ್ಟೋರೆಂಟುಗಳಿವೆ. ಮುಂಗಡ ಕಾಯ್ದಿರಿಸಿದರೆ ಹೊರಗಿನವರಿಗೂ ಅಲ್ಲಿ ಪ್ರವೇಶವುಂಟು.

ಬೆಲೆಪಟ್ಟಿಯನ್ನು ಹೊರಗೆ ತೂಗುಹಾಕಬೇಕೆಂಬ ನಿಯಮವಿರುವುದರಿಂದ ಒಳಗೆ ಕಾಲಿಡುವ ಮೊದಲೇ ಲೆಕ್ಕ ಹಾಕಿಕೊಳ್ಳಬಹುದು. ನಮೂದಿಸಿದ ಬೆಲೆಯಲ್ಲಿ ತೆರಿಗೆಯೂ ಸೇವಾಶುಲ್ಕವೂ ಸೇರಿರುತ್ತವೆ. ಟಿಪ್ಸ್ ಕೊಡಲೇಬೇಕೆಂಬ ಒತ್ತಾಯವಿಲ್ಲ. ಬಿಲ್ಲು ಬೆಳೆಯುವುದು ಪಾನೀಯಗಳಿಂದ. ಕುಳಿತ ಕೂಡಲೇ ಏನಾದರೂ ಕುಡಿಯುತ್ತೀರಾ ಎಂದು ಕೇಳುತ್ತಾರೆ. ಬೇಡವೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬಾಟಲಿ ನೀರಿನ ಬದಲು 'ಕರಾಫ್ ದೋ' ಎಂದು ಕೇಳಿದರೆ ನಲ್ಲಿಯ ನೀರನ್ನು ಹೂಜಿಯಲ್ಲಿ ಉಚಿತವಾಗಿ ತಂದಿಡುತ್ತಾರೆ. ಬ್ರೆಡ್ಡಿಗೂ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ಮಧ್ಯಾಹ್ನದ ಊಟದ ಹೊತ್ತು ಹನ್ನೆರಡರಿಂದ ಎರಡರವರೆಗೆ. ಆಗಸ್ಟ್‌ನಲ್ಲಿ ಎಷ್ಟೋ ಒಳ್ಳೆಯ ಜಾಗಗಳು ರಜೆಗೆಂದು ಬಾಗಿಲು ಹಾಕಿರುತ್ತವೆ.

ನಮ್ಮಲ್ಲಿನ ಸಸ್ಯಾಹಾರಿಗಳಿಗೆ ಒಂದು ಮಾತು. ಮಧ್ಯಾಹ್ನದ ಮೆನುವಿನಲ್ಲಿ ಆಯ್ಕೆ ಎರಡೋ ಮೂರೋ ಅಷ್ಟೇ, ಸಾಸ್‌ಗಳಿಗೆ ಮೂಳೆಯ ಸಾರು ಬಳಸುವುದೂ ಸಾಮಾನ್ಯ, ಕಾಂಟೆಯಂಥ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಆದ್ದರಿಂದ ಮಾಂಸ, ಮೀನು, ಮೂಳೆಯ ಸಾರು ಮೂರೂ ಬೇಡವೆಂದು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ ಸೇರಿಸಿ, ಕಾಯ್ದಿರಿಸುವಾಗಲೇ ಬರೆದು ತಿಳಿಸಬೇಕು. ಬಾಣಸಿಗ ಅಲೆನ್ ಪಸಾರ್ಡ್ 2001ರಲ್ಲಿ ತಮ್ಮ ಆರ್ಪೇಜ್ ರೆಸ್ಟೋರೆಂಟಿನ ಮೆನುವಿನಿಂದ ಕೆಂಪು ಮಾಂಸವನ್ನು ಕೈಬಿಟ್ಟು ತರಕಾರಿಯನ್ನು ಮುಖ್ಯವಾಗಿಸಿದ ಮೇಲೂ ಮೂರು ತಾರೆಗಳನ್ನು ಉಳಿಸಿಕೊಂಡರು. ಅವರ ಊಟ ಹಗಲಲ್ಲೂ ದುಬಾರಿಯೇ; ಆದರೂ ತರಕಾರಿಯನ್ನು ಮನಸ್ಸಿಟ್ಟು ಬೇಯಿಸುವ ಚಿಕ್ಕ ಅಡುಗೆಮನೆಗಳು ಆ ಊರಿನಲ್ಲಿ ಈಗ ಸಾಕಷ್ಟಿವೆ, ಮತ್ತು ಮೊದಲೇ ತಿಳಿಸಿದ ಗಿರಾಕಿಗೆ ಅವರು ಬೇರೆಯದೇ ತಟ್ಟೆ ಸಿದ್ಧಪಡಿಸಿಕೊಡುತ್ತಾರೆ.