ಪಾಚಿ ಬೆಳೆಸುವ ಕೆಲಸ

“ಅಷ್ಟು ಓದಿ, ಅಷ್ಟು ದೂರ ಹೋಗಿ, ಪಾಚಿ ತೆಗೆಯೋ ಕೆಲಸಾನಾ?”

ಭಾನುವಾರ ಫೋನಿನಲ್ಲಿ ಅಮ್ಮ ಕೇಳಿದಳು. ತೆಗೆಯೋದಲ್ಲಮ್ಮ, ಬೆಳೆಸೋದು ಅಂದೆ. ಇನ್ನೂ ಕೆಟ್ಟಿತು.

ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ. ಇಲ್ಲಿಂದ ಉತ್ತರಕ್ಕೆ, ಐರಿಶ್ ಸಮುದ್ರದ ದಂಡೆಯಲ್ಲಿ ಸೆಲ್ಲಾಫೀಲ್ಡ್ ಎಂಬ ಹಳೇ ಅಣು ಕೇಂದ್ರ ಇದೆ. 1950ರ ದಶಕದಲ್ಲಿ ಅಲ್ಲಿ ಕಟ್ಟಿದ ಒಂದು ಕೊಳಕ್ಕೆ ಸೂರೇ ಇಲ್ಲ. ಮ್ಯಾಗ್ನಾಕ್ಸ್ ಅಣು ಸ್ಥಾವರಗಳಲ್ಲಿ ಬಳಸಿ ಮುಗಿದ ಇಂಧನವನ್ನು ಅದರಲ್ಲಿ ಮುಳುಗಿಸಿಟ್ಟರು. ಇಂಧನದ ಹೊದಿಕೆ ಮೆಗ್ನೀಸಿಯಂ ಮಿಶ್ರಲೋಹ, ಬರೀ ನೀರಿನಲ್ಲಿ ಸವೆದುಹೋಗುತ್ತದೆ. ಅದಕ್ಕೇ ಕಾಸ್ಟಿಕ್ ಸೋಡಾ ಬೆರೆಸಿ ಪಿಎಚ್ 11.4ರ ಆಸುಪಾಸಿನಲ್ಲಿ ಇಡುತ್ತಾರೆ. ಸುಣ್ಣದ ತಿಳಿನೀರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೇ. ಜೊತೆಗೆ ವಿಕಿರಣ. ಇದರಲ್ಲಿ ಏನು ತಾನೆ ಬದುಕೀತು, ಅಲ್ವಾ? ಚಳಿ ಕಳೆದು ಬಿಸಿಲು ಬಿತ್ತೋ, ನೀರು ಹಸಿರುಗಟ್ಟುತ್ತದೆ.

ಹಸಿರಾದರೆ ಕ್ಯಾಮೆರಾಗೆ ತಳ ಕಾಣುವುದಿಲ್ಲ. ಹಳೇ ಇಂಧನ, ಕೆಸರು ಎಲ್ಲವನ್ನೂ ದೂರದಿಂದಲೇ ಯಂತ್ರ ಆಡಿಸಿ ಎತ್ತಬೇಕು. ಕಾಣದಿದ್ದರೆ ಕೆಲಸ ನಿಂತಿತು.

ಆ ಕೊಳದಲ್ಲಿ ಜಾಸ್ತಿ ಸಿಕ್ಕಿದ್ದು ಸೂಡಾನಬೀನ ಎಂಬ ನೀಲಿ-ಹಸಿರು ಜೀವಿ. ನಾವು ಲ್ಯಾಬ್‌ನಲ್ಲಿ ಬೆಳೆಸುವುದು ವಿಕಿರಣ ಸೋಕದ, ಅದೇ ಕುಲದ ಸಾಧು ಪ್ರಾಣಿ. ಸೂಕ್ಷ್ಮದರ್ಶಕದಲ್ಲಿ ಪೋಣಿಸಿದ ಮಣಿಸರದಂತೆ ಕಾಣುತ್ತದೆ. ಕ್ಷಾರ ಹೆಚ್ಚಿದರೆ ತನ್ನ ಸುತ್ತ ಲೋಳೆ ಬಿಟ್ಟುಕೊಳ್ಳುತ್ತದೆ, ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ. ಅದೇ ಅದರ ಕಂಬಳಿ.

“ಬಾವಿಗೆ ಹಾಕೋ ಬ್ಲೀಚಿಂಗ್ ಪೌಡರ್ ಒಂದು ಹಿಡಿ ಹಾಕಬಾರದೇನೋ?”

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಆ ಪುಡಿಯಿಂದ ನೀರಿಗೆ ಕ್ಲೋರೈಡ್ ಸೇರಿದರೆ ಉಳಿಸಬೇಕಾದ ಲೋಹವೇ ತಿಂದುಹೋಗುತ್ತದೆ. ಅಲ್ಲದೆ ಕೊಳದಿಂದ ಹೊರಟ ನೀರು ಸಮುದ್ರ ಸೇರುವ ಮೊದಲು 1985ರಿಂದ ನಡೆಯುತ್ತಿರುವ ಒಂದು ಶುದ್ಧೀಕರಣ ಘಟಕ ದಾಟಬೇಕು. ಅಲ್ಲಿ ಒಂದು ಬಗೆಯ ಖನಿಜ, ನೀರಿನಲ್ಲಿರುವ ಸೀಸಿಯಂ, ಸ್ಟ್ರಾನ್ಷಿಯಂ ಎಂಬ ವಿಕಿರಣ ಸೂಸುವ ಧಾತುಗಳನ್ನು ಹಿಡಿದುಕೊಳ್ಳುತ್ತದೆ. ಕಂಡಕಂಡ ಔಷಧಿ ಸುರಿದು ಅದನ್ನು ಕೆಡಿಸುವ ಹಾಗಿಲ್ಲ. ಹಾಗಾಗಿ ಮುಖ್ಯ ಉಪಾಯ ಒಂದೇ. ಹೊಸದಾಗಿ ಕ್ಷಾರ ಬೆರೆಸಿದ, ಲವಣ ತೆಗೆದ ನೀರನ್ನು ಒಂದು ಕಡೆಯಿಂದ ಬಿಡುತ್ತಾ ಹಳೆಯದನ್ನು ಹೊರಗೆ ಕಳಿಸುವುದು. ಪಾಚಿಯೂ ಹೋಗುತ್ತದೆ, ಅದರ ಊಟವೂ ಹೋಗುತ್ತದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅಂದ್ರೆ ದನದ ತೊಟ್ಟಿ ನೀರು ಬದಲಾಯಿಸೋದು ಅನ್ನು.”

ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ.