ಒಂದು ಕಪಾಳಮೋಕ್ಷ

23 ಸೆಪ್ಟೆಂಬರ್ 2013, ಸೋಮವಾರ

ನಿನ್ನೆ ಚೀನಾದ ಜಿನಾನ್ ಕೋರ್ಟು, ಚೊಂಗ್‌ಚಿಂಗ್ ನಗರದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥನಾಗಿದ್ದ ಬೊ ಶಿಲಾಯ್‌ಗೆ ಜೀವಾವಧಿ ಕೊಟ್ಟಿತು. ಫೋಟೋದಲ್ಲಿ ಬಿಳಿ ಅಂಗಿ, ಕೈಗೆ ಕೋಳ, ಬಿಗಿದ ಮುಷ್ಟಿ. ಬೊ ಎತ್ತರದ ಆಳು. ಅವನೇ ಕುಳ್ಳ ಅನ್ನಿಸುವಂಥ ಇಬ್ಬರು ಪೊಲೀಸರು ಆಚೀಚೆ. ಹುಡುಕಿ ತಂದು ನಿಲ್ಲಿಸಿದ್ದಾರೆ ಅಂತ ನನ್ನ ಗುಮಾನಿ.

ಸಂಜೆ ಮಾವ ಬಂದಿದ್ರು. ರಿಟೈರಾದರೂ ಪೊಲೀಸ್ ಬುದ್ಧಿ ಎಲ್ಲಿ ಹೋಗುತ್ತೆ. ಬೊ ವಿಷಯ ಬಿಟ್ಟು, "ಆ ಪೊಲೀಸಿನವನದ್ದು ಹೇಳೋ" ಅಂದ್ರು.

ಹೇಳಿದೆ. 2011ರ ನವೆಂಬರಿನಲ್ಲಿ ಚೊಂಗ್‌ಚಿಂಗ್‌ನ ಹೋಟೆಲೊಂದರಲ್ಲಿ ನೀಲ್ ಹೇವುಡ್ ಅನ್ನೋ ಬ್ರಿಟಿಷ್ ವ್ಯಾಪಾರಿ ಹೆಣವಾಗಿ ಸಿಕ್ಕ. ಕುಡಿದು ಸತ್ತ ಅಂತ ಬರೆದು ಪೋಸ್ಟ್‌ಮಾರ್ಟಂ ಇಲ್ಲದೆ ಸುಟ್ಟುಬಿಟ್ರು. ವಿಷ ಹಾಕಿದ್ದು ಬೊ ಹೆಂಡತಿ ಗು ಕೈಲಾಯ್. ಅವಳು ಬಾಯಿಬಿಟ್ಟಿದ್ದನ್ನ ಅಲ್ಲಿನ ಪೊಲೀಸ್ ಮುಖ್ಯಸ್ಥ ವಾಂಗ್ ಲಿಜುನ್ ಗುಟ್ಟಾಗಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದ.

"ಅಂದ್ರೆ ಸಾಹೇಬರ ಜುಟ್ಟು ಮೊದಲೇ ಕೈಲಿತ್ತು."

"ಇತ್ತು ಮಾವ. ಜನವರಿಯಲ್ಲಿ ಹೋಗಿ ಬೊ ಮುಂದೆ ವಿಷಯ ತೆಗೆದ. ಕಪಾಳಕ್ಕೆ ಬಿತ್ತು."

ಕೋರ್ಟಿನಲ್ಲಿ ಇದರ ಮೇಲೂ ಜಗಳ! ವಾಂಗ್ ಹೇಳಿದ್ದು, ಮುಷ್ಟಿಯಿಂದ ಗುದ್ದಿದ, ರಕ್ತ ಬಂತು ಅಂತ. ಬೊ ಹೇಳಿದ್ದು, ಬರೀ ಕೆನ್ನೆಗೆ ಹೊಡೆದೆ, ನನಗೆ ಬಾಕ್ಸಿಂಗ್ ಎಲ್ಲಿ ಬರುತ್ತೆ ಅಂತ. ಕೊನೆಗೆ, ವಾಂಗ್‌ಗೆ ನನ್ನ ಹೆಂಡತಿ ಮೇಲೆ ಒಳಗೊಳಗೇ ಪ್ರೀತಿ ಇತ್ತು, ಅದಕ್ಕೇ ಓಡಿದ ಅಂತಲೂ ಅಂದ.

ಮಾವ ತಲೆ ಅಲ್ಲಾಡಿಸಿದ್ರು. "ಪ್ರೀತಿಗೆ ಯಾರಾದ್ರೂ ಅಮೆರಿಕದ ಕಾನ್ಸುಲೇಟಿಗೆ ಓಡ್ತಾರೇನೋ? ಜೀವಭಯ ಅದು."

ನನಗೂ ಹಾಗೇ ಅನ್ನಿಸುತ್ತೆ. 2012ರ ಫೆಬ್ರವರಿ 6ಕ್ಕೆ ವಾಂಗ್ ಚೆಂಗ್ಡುವಿನ ಆ ಕಾನ್ಸುಲೇಟು ಹೊಕ್ಕವನು ಹೊರಬಂದಿದ್ದು ಮಾರನೇ ದಿನ. ಅಷ್ಟಾಗದಿದ್ದರೆ ಹೇವುಡ್ ಕುಡಿದೇ ಸತ್ತವನಾಗಿ ಉಳೀತಿದ್ದ. ಆ ಹೊತ್ತಿಗೆ ಬೊ ಪೊಲಿಟ್‌ಬ್ಯೂರೊ ಸ್ಥಾಯಿ ಸಮಿತಿಗೆ, ಅಂದ್ರೆ ಪಕ್ಷದ ತುತ್ತತುದಿಯ ಕೂಟಕ್ಕೆ, ಹೆಚ್ಚುಕಡಿಮೆ ಬಹಿರಂಗವಾಗೇ ಲಾಬಿ ಮಾಡ್ತಿದ್ದ. ಮಾವೋ ಕಾಲದ ಕೆಂಪು ಹಾಡು ಹಾಡಿಸೋದು, ಮಾಫಿಯಾ ಬೇಟೆ, ಎಲ್ಲಾ ಅದಕ್ಕೇ. ಅಲ್ಲಿ ಸೀಟು ಕೇಳಿ ಪಡೆಯೋದಲ್ಲ. ಮೇಲಿನವರಿಗೆ ಇವನನ್ನ ಇಳಿಸೋಕೆ ನೆಪ ಬೇಕಿತ್ತು, ವಾಂಗ್ ತಂದುಕೊಟ್ಟ. ಮಾರ್ಚ್ 15ಕ್ಕೆ ಕುರ್ಚಿ ಹೋಯ್ತು.

ಇದು ನನ್ನ ಊಹೆ, ಸರಿ. ಆದರೆ ತೀರ್ಪಿನಲ್ಲಿ ಇರೋದು ನೋಡಿ: ಲಂಚ, ಹಣ ದುರುಪಯೋಗ, ಅಧಿಕಾರ ದುರುಪಯೋಗ. ಲಂಚದ ಕಥೆ ಬಹುಪಾಲು ಬೊ ಡಾಲಿಯನ್ ನಗರದಲ್ಲಿ ಅಧಿಕಾರದಲ್ಲಿದ್ದ ಕಾಲದ್ದು. ಮಗ ಆಫ್ರಿಕಾದಿಂದ ತಂದ ಯಾವುದೋ ಅಪರೂಪದ ಪ್ರಾಣಿಯ ಮಾಂಸವನ್ನ ಹಸಿ ತಿನ್ನಬೇಕೋ ಬೇಯಿಸಬೇಕೋ ಅನ್ನೋ ಮನೆ ಜಗಳ ಕೂಡ ಸಾಕ್ಷ್ಯದಲ್ಲಿ ಬಂತು. ಚೊಂಗ್‌ಚಿಂಗ್‌ನ ಮಾಫಿಯಾ ಬೇಟೆಯಲ್ಲಿ ಜೈಲು ಸೇರಿದವರ ಮಾತೇ ಇಲ್ಲ. ಅದನ್ನ ಕೆದಕಿದ್ರೆ, ಅಲ್ಲಿಗೆ ಹೋಗಿ ಹೊಗಳಿ ಬಂದವರನ್ನೂ ಕೇಳಬೇಕಾಗುತ್ತೆ. 2010ರ ಡಿಸೆಂಬರಿನಲ್ಲಿ ಹೋಗಿ ಮೆಚ್ಚಿದವರಲ್ಲಿ ಶಿ ಜಿನ್‌ಪಿಂಗ್ ಕೂಡ ಒಬ್ಬರು.

"ಚಾರ್ಜ್‌ಶೀಟ್ ಬರೆಯೋವಾಗ ನಾವೂ ಕೆಲವು ಹೆಸರು ಬಿಡ್ತಿದ್ವಿ" ಅಂದ್ರು ಮಾವ, ತೀರಾ ಸಹಜವಾಗಿ. ಯಾರ ಹೆಸರು ಅಂತ ಕೇಳಿದ್ರೆ ಮಾತು ಅಕ್ಕನ ಮಗಳ ಸೀಟಿಗೆ ತಿರುಗಿಸಿದ್ರು. ಕಾಫಿ ತಣ್ಣಗಾಗಿತ್ತು, ಅದಕ್ಕೂ ನನಗೇ ಬೈಗುಳ.

ಈ ತಿಂಗಳ ಮೊದಲ ದಿನವೇ ಪೆಟ್ರೋಲಿಯಂ ಕಂಪನಿಯ ಹಳೇ ದೊರೆ ಜಿಯಾಂಗ್ ಜಿಯೆಮಿನ್ ಮೇಲೆ ತನಿಖೆ ಅಂತ ಸುದ್ದಿ ಬಂದಿತ್ತಲ್ಲ. ಅವನು ಝೌ ಯೊಂಗ್‌ಕಾಂಗ್ ಕಡೆಯವನು ಅಂತಾರೆ. ಝೌ ದೇಶದ ಪೊಲೀಸಿಗೆಲ್ಲ ಯಜಮಾನ ಆಗಿದ್ದವನು, ಬೊ ಪರ ನಿಂತವನು ಅಂತಲೂ ಮಾತಿದೆ. ಹಾಗಾದ್ರೆ ಈಗ ಬೊ ಕಥೆ ಮುಗೀತಾ, ಇಲ್ಲಾ ಇದು ಬರೀ ಶುರುವಾ?